ಅಪ್‌ಡೇಟಿನ ತರುವಾಯ ಧ್ವನಿಮುದ್ರಣದ ಪರೀಕ್ಷೆ: ಬಾಗಲಕೋಟೆ ಸೀಮೆಯ ಕ್ಷೇತ್ರಕಾರ್ಯವನ್ನು ಕುರಿತು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ನಾಲ್ಕು ಊರುಗಳ ಸುತ್ತಣ ಸೀಮೆಯು ಭಾಷೆಯ ಅಭ್ಯಾಸಿಗೂ ಹಾಡಿನ ಅಭ್ಯಾಸಿಗೂ ಸಮಾನವಾಗಿ ಬೇಕಾದುದು. ಕ್ರಿ. ಶ. ಸುಮಾರು ೭೦೦ರ ಕಾಲದ್ದೆಂದು ಹೇಳಲಾಗುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣುವ ತ್ರಿಪದಿಯು ಈ ಭಾಗದ ಹಿರಿಯ ಹೆಂಗಸರ ಬೀಸುವ ಪದಗಳಲ್ಲಿ ಇನ್ನೂ ಕಿವಿಗೆ ಬೀಳುತ್ತದೆ. ಇಳಕಲ್ಲಿನ ಕುಣಿಮಗ್ಗದ ಮುಂದೆ ಕುಳಿತವರ ಬಾಯಲ್ಲಿ ಸೀರೆಯ ಮೈಯನ್ನೂ ಸೆರಗನ್ನೂ ಕೂಡಿಸುವ ಕೊಂಡಿ, ಸೆರಗಿನ ಟೋಪ ತೆಣಿ, ದಡಿಯ ಗೋಮಿ, ಚಿಕ್ಕಿ ಮೊದಲಾದ ವೃತ್ತಿಪದಗಳಿವೆ. ಆದರೆ ಬೀಸುವ ಕಲ್ಲು ಬಹುಮಟ್ಟಿಗೆ ಮೂಲೆಗೆ ಸೇರಿ ಬಹುಕಾಲವಾಯಿತು. ಪದ ಬಲ್ಲವರಿಗೂ ವಯಸ್ಸಾಗಿದೆ. ಒಮ್ಮೆ ಮುದ್ರಿಸಿಕೊಂಡುದು ಕೆಟ್ಟರೆ ಅದೇ ಬಾಯಿಂದ ಅದೇ ಪದವನ್ನು ಎರಡನೆಯ ಸಲ ಪಡೆಯುವೆವೆಂಬ ಭರವಸೆಯಿಲ್ಲ. ಪ್ರಸ್ತುತ ಲೇಖನಕ್ಕೆ ಇದೇ ಕಾರಣ.

ಈಗ ಕ್ಷೇತ್ರದಲ್ಲಿ ಮುದ್ರಣವು ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಮೇಲೆ ನಡೆಯುತ್ತದೆ. ಮೈಕ್ರೋಫೋನಿಗೂ ಲ್ಯಾಪ್‌ಟಾಪಿಗೂ ನಡುವೆ ಆಡಿಯೋ ಇಂಟರ್‌ಫೇಸ್ ಎಂಬ ಅಂಗೈಯಗಲದ ಪೆಟ್ಟಿಗೆಯೊಂದಿರುತ್ತದೆ. ಮೈಕ್ರೋಫೋನಿನಿಂದ ಬರುವ ಅತ್ಯಲ್ಪ ವಿದ್ಯುತ್ತನ್ನು ಅದು ಹೆಚ್ಚಿಸಿ, ಸೆಕೆಂಡಿಗೆ ೪೪,೧೦೦ ಸಲವೋ ೪೮,೦೦೦ ಸಲವೋ ಅಳೆದು, ಆ ಅಳತೆಗಳನ್ನು ಅಂಕಿಗಳ ರೂಪದಲ್ಲಿ ಯುಎಸ್‌ಬಿ ತಂತಿಯ ಮೂಲಕ ಕಳುಹಿಸುತ್ತದೆ. ಅಂಕಿಗಳನ್ನು ಬರಮಾಡಿಕೊಳ್ಳುವ ಕೆಲಸ ಡ್ರೈವರ್ ಎಂಬ ಪುಟ್ಟ ತಂತ್ರಾಂಶದ್ದು. ಅದರಿಂದ ಪಡೆದು ಮುದ್ರಣದ ತಂತ್ರಾಂಶಕ್ಕೆ ಒಪ್ಪಿಸುವುದು ಕಾರ್ಯಾಚರಣ ವ್ಯವಸ್ಥೆಯದು. ಹೀಗೆ ಧ್ವನಿಯು ನಾಲ್ಕಾರು ಕೈಗಳನ್ನು ದಾಟಿ ಕಡತವಾಗುತ್ತದೆ. ಅಪ್‌ಡೇಟೆಂಬುದು ಈ ಕೈಗಳಲ್ಲಿ ಒಂದೆರಡನ್ನು ನಮಗೆ ತಿಳಿಯದಂತೆ ಬದಲಿಸಿಬಿಡಬಲ್ಲದು.

ಇದು ಬರಿಯ ಊಹೆಯಲ್ಲ. ೨೦೨೫ರ ಜನವರಿ ೧೪ರಂದು ಹೊರಟ ವಿಂಡೋಸಿನ ಭದ್ರತಾ ಅಪ್‌ಡೇಟಿನ ಬಳಿಕ ಯುಎಸ್‌ಬಿ ಧ್ವನಿಸಾಧನಗಳು, ಅದರಲ್ಲಿಯೂ ಹಳೆಯ ೧.೦ ಮಟ್ಟದ ಧ್ವನಿ ಡ್ರೈವರನ್ನು ಅವಲಂಬಿಸಿದವು, ಕೆಲಸ ನಿಲ್ಲಿಸಬಹುದೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಒಪ್ಪಿಕೊಂಡಿತು. ಡಿವೈಸ್ ಮ್ಯಾನೇಜರಿನಲ್ಲಿ ‘ಕೋಡ್ ೧೦’ ಎಂಬ ಸೂಚನೆ ಬರುತ್ತಿತ್ತು. ಅದೇ ತಿಂಗಳ ಕೊನೆಯಲ್ಲಿ ಪರಿಹಾರದ ಅಪ್‌ಡೇಟೂ ಹೊರಟಿತು. ಇಂತಹ ಪ್ರಸಂಗದಲ್ಲಿ ಪೆಟ್ಟಿಗೆಯನ್ನು ಬಿಚ್ಚಿ ನೋಡುವುದರಿಂದಾಗಲಿ ಹೊಸ ತಂತಿ ಕೊಳ್ಳುವುದರಿಂದಾಗಲಿ ಏನೂ ಫಲವಿಲ್ಲ. ಹಿಂದಿನ ಡ್ರೈವರಿಗೆ ಮರಳುವುದು, ಇಲ್ಲವೆ ತಯಾರಕರ ಹೊಸ ಡ್ರೈವರನ್ನು ಹಾಕುವುದು, ಎರಡೂ ಆಗದಿದ್ದರೆ ಬೇರೊಂದು ಗಣಕಯಂತ್ರವನ್ನು ಒಯ್ಯುವುದು, ಇವೇ ಉಪಾಯಗಳು.

ಹಾಗೆಂದು ಅಪ್‌ಡೇಟಿನ ಮರುದಿನ ಕಾಣಿಸಿಕೊಂಡ ದೋಷವೆಲ್ಲ ಅಪ್‌ಡೇಟಿನದೇ ಎಂದು ತಿಳಿಯಲಾಗದು. ಹಳ್ಳಿಯ ಮನೆಯ ವಿದ್ಯುತ್ತಿಗೆ ಭೂಸಂಪರ್ಕ ಸರಿಯಿಲ್ಲದಿದ್ದರೆ ೫೦ ಹರ್ಟ್ಸಿನ ಗುಂಯ್‌ಗುಡುವಿಕೆ ಮುದ್ರಣದಲ್ಲಿ ಸೇರುವುದುಂಟು. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಅದು ಅಡಗಿದರೆ ತಂತ್ರಾಂಶವನ್ನು ಮುಟ್ಟುವ ಅಗತ್ಯವೇ ಇಲ್ಲ.

ಮೊದಲು ನೋಡತಕ್ಕದ್ದು ಪೆಟ್ಟಿಗೆಯ ಮುಖದ ಮೇಲಿನ ದೀಪವನ್ನು. ಮಾತನಾಡಿದಾಗ ಆ ದೀಪ ಮಿನುಗಿದರೆ ಮೈಕ್ರೋಫೋನು, ಅದರ ತಂತಿ, ಅದಕ್ಕೆ ಬೇಕಾದ ೪೮ ವೋಲ್ಟಿನ ವಿದ್ಯುತ್ತು ಎಲ್ಲವೂ ಸರಿಯಾಗಿವೆ. ದೋಷವಿರುವುದು ಆಚೆಗೆ, ಯುಎಸ್‌ಬಿ ತಂತಿಯಲ್ಲಿ ಅಥವಾ ಗಣಕಯಂತ್ರದ ಒಳಗೆ. ಮಿನುಗದಿದ್ದರೆ ಈಚೆಗೆ. ಈ ಒಂದು ನೋಟದಿಂದ ಅರ್ಧ ಕೆಲಸ ಮುಗಿಯುತ್ತದೆ. ಇಷ್ಟಾದರೂ ಬಹುಜನರು ಮೊದಲು ತಂತ್ರಾಂಶವನ್ನೇ ಅಳಿಸಿ ಮತ್ತೆ ಹಾಕುತ್ತ ಕೂಡುವರು!

ದೀಪ ಮಿನುಗಿಯೂ ಮುದ್ರಣದಲ್ಲಿ ಧ್ವನಿಯಿಲ್ಲದಿದ್ದರೆ ಆ ಮೌನವನ್ನೇ ದೊಡ್ಡದು ಮಾಡಿ ಪರೀಕ್ಷಿಸಬೇಕು. ತೆರೆದಿರುವ ಮೈಕ್ರೋಫೋನು ಎಂದಿಗೂ ಪೂರ್ಣವಾಗಿ ಮೌನವಾಗಿರುವುದಿಲ್ಲ. ಕೋಣೆಯ ಗಾಳಿ, ಪೆಟ್ಟಿಗೆಯ ಸ್ವಂತ ಸದ್ದು, ಏನಾದರೊಂದು ತೆಳುವಾದ ಗೆರೆಯಾಗಿ ಕಾಣಲೇಬೇಕು. ಬರಿಯ ಸೊನ್ನೆಗಳ ಸರಳರೇಖೆ ಕಂಡರೆ ತಂತ್ರಾಂಶದ ಬಾಗಿಲೊಂದು ಮುಚ್ಚಿದೆಯೆಂದೇ ಶಂಕಿಸಬೇಕು. ೨೦೧೮ರ ಏಪ್ರಿಲ್ ಅಪ್‌ಡೇಟಿನಿಂದ ವಿಂಡೋಸ್ ೧೦ರಲ್ಲಿಯೂ, ಅದೇ ವರ್ಷದ ಮೊಹಾವಿ ಆವೃತ್ತಿಯಿಂದ ಮ್ಯಾಕ್ ಯಂತ್ರಗಳಲ್ಲಿಯೂ ಮುದ್ರಣದ ತಂತ್ರಾಂಶಗಳು ಮೈಕ್ರೋಫೋನನ್ನು ಬಳಸಲು ಪ್ರತ್ಯೇಕ ಅನುಮತಿ ಬೇಕಾಯಿತು. ಆ ಅನುಮತಿ ತಪ್ಪಿದ್ದರೆ ತಂತ್ರಾಂಶವು ಯಾವ ದೂರನ್ನೂ ಹೇಳದೆ ಗಂಟೆಗಟ್ಟಲೆ ಸೊನ್ನೆಯನ್ನು ಬರೆಯುತ್ತ ಹೋಗಬಹುದು. ಪ್ರೈವಸಿ ಸೆಟ್ಟಿಂಗಿನಲ್ಲಿ ಅನುಮತಿ ಕೊಟ್ಟರೆ ಸರಿಹೋಗುತ್ತದೆ.

ಆದರೆ ನಮ್ಮ ಅಭಿಪ್ರಾಯದಲ್ಲಿ ಮೌನವು ಸಣ್ಣ ಕೇಡು; ಅದು ಅಲ್ಲಿಯೇ ತಿಳಿಯುತ್ತದೆ. ಧ್ವನಿ ಬಂದು, ಅದು ಸತ್ಯವಲ್ಲದ ಧ್ವನಿಯಾಗಿರುವುದು ದೊಡ್ಡ ಕೇಡು. ಇದರಲ್ಲಿ ಸುಲಭವಾದುದನ್ನು ಮೊದಲು ಹೇಳುವೆವು. ಅಪ್‌ಡೇಟಿನ ಬಳಿಕ ಮುದ್ರಣದ ತಂತ್ರಾಂಶವು ಪೆಟ್ಟಿಗೆಯನ್ನು ಬಿಟ್ಟು ಲ್ಯಾಪ್‌ಟಾಪಿನೊಳಗಿನ ಮೈಕ್ರೋಫೋನನ್ನು ಆರಿಸಿಕೊಂಡಿರಬಹುದು. ನಮ್ಮ ಮೈಕ್ರೋಫೋನಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಆಮೇಲೆ ಲ್ಯಾಪ್‌ಟಾಪಿನ ಮೈಯನ್ನು ಕೆರೆದು ನೋಡಿದರೆ ಯಾವುದು ಕೇಳುತ್ತಿದೆಯೆಂಬುದು ಕೂಡಲೇ ಗೊತ್ತಾಗುತ್ತದೆ.

ಎರಡನೆಯದು ವೇಗದ ದೋಷ. ಪೆಟ್ಟಿಗೆಯು ಸೆಕೆಂಡಿಗೆ ೪೮,೦೦೦ ಅಳತೆಗಳನ್ನು ಕಳುಹಿಸುತ್ತಿರುವಾಗ ತಂತ್ರಾಂಶವು ಕಡತದ ತಲೆಯಲ್ಲಿ ೪೪,೧೦೦ ಎಂದು ಬರೆದುಕೊಂಡಿತೆನ್ನೋಣ. ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆಯೇ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಿ ಕೊಡುತ್ತದೆ. ಆದರೆ ಅದನ್ನು ಬದಿಗಿರಿಸಿ ತಯಾರಕರ ಡ್ರೈವರಿನ ಮೂಲಕ ನೇರವಾಗಿ ಮುದ್ರಿಸುವಾಗ, ಅಪ್‌ಡೇಟಿನಿಂದ ಒಂದು ಕಡೆಯ ಸಂಖ್ಯೆ ಮಾತ್ರ ಬದಲಾಗಿದ್ದರೆ, ಈ ಎಡವಟ್ಟು ಸಂಭವಿಸುತ್ತದೆ. ಆಗ ೬೦ ಸೆಕೆಂಡಿನ ಹಾಡು ಕೇಳುವಾಗ ೬೫.೩ ಸೆಕೆಂಡಾಗುತ್ತದೆ, ೨೦೦ ಹರ್ಟ್ಸಿನ ಕಂಠವು ೧೮೪ರ ಹತ್ತಿರಕ್ಕೆ ಇಳಿಯುತ್ತದೆ. ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಇದು ಸುಮಾರು ಒಂದೂವರೆ ಮನೆಯ ಇಳಿತ. ವಿಲೋಮವಾದರೆ ಅಷ್ಟೇ ಏರಿಕೆ. ಕೇಳುವವನಿಗೆ ಅಸಹಜವೆನಿಸುವಷ್ಟು ಇದು ದೊಡ್ಡದಲ್ಲ. ಹಾಡುವಾಕೆಯ ಕಂಠವೇ ಹಾಗಿರಬೇಕೆಂದು ನಂಬಿಬಿಡುವಷ್ಟು ಸಣ್ಣದು. ಅಪಾಯವಿರುವುದು ಅಲ್ಲಿಯೇ. ಬಾದಾಮಿಯ ಕಡೆಯ ಬೀಸುವ ಪದವನ್ನು ಅಪ್‌ಡೇಟಿಗೆ ಮೊದಲೂ ಹುನಗುಂದದ ಕಡೆಯದನ್ನು ಅದರ ಬಳಿಕವೂ ಮುದ್ರಿಸಿದವನೊಬ್ಬನು, ಹುನಗುಂದದವರು ಕೆಳಗಿನ ಶ್ರುತಿಯಲ್ಲಿ ವಿಲಂಬವಾಗಿ ಹಾಡುವರೆಂದು ಕೋಷ್ಟಕ ಸಹಿತವಾಗಿ ಸಿದ್ಧಾಂತ ಮಾಡಿಬಿಡಬಹುದು. ಆ ಭೇದವು ಎರಡು ಊರುಗಳದ್ದಲ್ಲ, ಎರಡು ಸಂಖ್ಯೆಗಳದ್ದು.

ಇದಕ್ಕೆ ಪರೀಕ್ಷೆ ಬಹಳ ಅಗ್ಗವಾದುದು. ೪೪೦ ಹರ್ಟ್ಸಿನ ಶ್ರುತಿಕವಲನ್ನು ಮುದ್ರಿಸಿ, ಆ ಕಡತವನ್ನು ಬೇರೊಂದು ಯಂತ್ರದಲ್ಲಿ ಅಳೆದು ನೋಡಬೇಕು. ೪೦೪ ಅಥವಾ ೪೭೯ ಬಂದರೆ ಸಂಖ್ಯೆಗಳು ಕೂಡಿಲ್ಲ. ಶ್ರುತಿಕವಲಿಲ್ಲದವರು ಗಡಿಯಾರ ನೋಡಿ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಚಪ್ಪಾಳೆ ತಟ್ಟಿದರೂ ಸಾಕು. ಪೆಟ್ಟಿಗೆಯ ನಿಯಂತ್ರಣಫಲಕ, ಕಾರ್ಯಾಚರಣ ವ್ಯವಸ್ಥೆಯ ಸೌಂಡ್ ಸೆಟ್ಟಿಂಗು, ಮುದ್ರಣದ ತಂತ್ರಾಂಶ, ಈ ಮೂರು ಕಡೆಗಳಲ್ಲಿಯೂ ಒಂದೇ ಸಂಖ್ಯೆಯಿರಿಸುವುದೇ ಪರಿಹಾರ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ದೂರದ ಸಭೆಗಳಲ್ಲಿ ಮಾತು ಸ್ಪಷ್ಟವಾಗಿ ಕೇಳಲೆಂದು ಗಣಕಯಂತ್ರಗಳಲ್ಲಿ ಸದ್ದನ್ನು ಅಡಗಿಸುವ, ಮಾರ್ದನಿಯನ್ನು ಅಳಿಸುವ, ಧ್ವನಿಮಟ್ಟವನ್ನು ತಾನಾಗಿ ಏರಿಳಿಸುವ ಸಂಸ್ಕಾರಗಳನ್ನು ಇಟ್ಟಿರುತ್ತಾರೆ. ನಾವು ಆರಿಸಿಟ್ಟಿದ್ದ ಈ ಸಂಸ್ಕಾರಗಳು ಅಪ್‌ಡೇಟಿನ ಬಳಿಕ ಮತ್ತೆ ಚಾಲ್ತಿಗೆ ಬಂದಿರಬಹುದು. ಇಳಕಲ್ಲಿನ ಮಗ್ಗದ ಮನೆಯಲ್ಲಿ ಇವು ಮಾಡುವ ಅನರ್ಥವನ್ನು ಊಹಿಸಿಕೊಳ್ಳಬೇಕು. ಲಾಳಿಯ ಓಟ, ಹಣಿಗೆಯ ಬಡಿತ, ಎರಡೂ ಯಂತ್ರದ ದೃಷ್ಟಿಯಲ್ಲಿ ಬೇಡವಾದ ಸದ್ದು. ಅವನ್ನು ತೆಗೆಯಹೊರಟ ತಂತ್ರಾಂಶವು ಅವುಗಳೊಡನೆ ಮಾತಿನ ಕ್ಷೀಣವಾದ ಭಾಗಗಳನ್ನೂ ಕೊಚ್ಚಿಹಾಕುತ್ತದೆ. ಮಾತಿನಲ್ಲಿ ಕ್ಷೀಣವಾದುದು ಯಾವುದೆಂದರೆ ಪದಾಂತ್ಯದ ಹ್ರಸ್ವಸ್ವರ. ಈ ಸೀಮೆಯ ಕನ್ನಡದ ಲಕ್ಷಣವಿರುವುದಾದರೂ ಮುಖ್ಯವಾಗಿ ಅಲ್ಲಿಯೇ ಅಲ್ಲವೆ? ಗ್ರಂಥಭಾಷೆಯ ಮನೆ ಇಲ್ಲಿ ಮನಿ, ತಲೆ ಇಲ್ಲಿ ತಲಿ. ಒಬ್ಬ ಮುದುಕ ನೇಕಾರನು ಪದದ ಕೊನೆಯಲ್ಲಿ ಇಕಾರವನ್ನು ನುಡಿದನೋ, ಶಾಲೆ ಕಲಿತ ಅವನ ಮೊಮ್ಮಗನು ಎಕಾರಕ್ಕೆ ತಿರುಗಿದನೋ ಎಂಬುದನ್ನು ತಿಳಿಯಲೆಂದೇ ಹೋದವನಿಗೆ, ಕೊನೆಯ ಸ್ವರವನ್ನು ಕತ್ತರಿಸಿದ ಮುದ್ರಣದಿಂದ ಪ್ರಯೋಜನವೇನು?

ಈ ದೋಷವನ್ನು ಕಂಡುಹಿಡಿಯಲು ನಿಲ್ಲದೆ ಸದ್ದು ಮಾಡುವ ಫ್ಯಾನಿನ ಮುಂದೆ ಕುಳಿತು, ನಡುನಡುವೆ ನಿಲ್ಲಿಸುತ್ತ ಅರ್ಧ ನಿಮಿಷ ಮಾತನಾಡಿ ಮುದ್ರಿಸಬೇಕು. ಮಾತು ನಿಂತ ಕಡೆಗಳಲ್ಲಿ ಫ್ಯಾನಿನ ಸದ್ದು ಮೊದಲಿನಂತೆಯೇ ಕೇಳುತ್ತಿದ್ದರೆ ಮುದ್ರಣ ಪ್ರಾಮಾಣಿಕವಾಗಿದೆ. ಆ ಸದ್ದು ಮುಳುಗುತ್ತ ಏಳುತ್ತ ಇದ್ದರೆ ಯಾವುದೋ ಸಂಸ್ಕಾರ ನಡುವೆ ನಿಂತು ಕೈಯಾಡಿಸುತ್ತಿದೆ. ಸದ್ದಿಲ್ಲದ ಕೋಣೆಯಲ್ಲಿ ಮಾಡಿದ ಪರೀಕ್ಷೆ ಇದಕ್ಕೆ ಸಾಲದು.

ತುಂಡುತುಂಡಾಗಿ ಬರುವ ಧ್ವನಿಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಅಪ್‌ಡೇಟಿನ ಬಳಿಕ ವಿದ್ಯುತ್ ಉಳಿತಾಯದ ಕ್ರಮಗಳು ಬಿಗಿಯಾಗಿದ್ದರೆ ಹಾಗಾಗಬಹುದು. ಅವನ್ನು ಸಡಿಲಿಸಿ, ಬಫರನ್ನು ೧೨೮ ಸ್ಯಾಂಪಲ್ಲುಗಳಿಂದ ೧,೦೨೪ಕ್ಕೆ ಏರಿಸಬೇಕು. ೪೮,೦೦೦ದ ವೇಗದಲ್ಲಿ ಇದರಿಂದ ಆಗುವ ತಡ ೨೧ ಮಿಲಿಸೆಕೆಂಡು ಮಾತ್ರ. ಸಂಗೀತಗಾರನಿಗೆ ಅದು ತೊಡಕಾದೀತು, ಕ್ಷೇತ್ರಕಾರ್ಯಕರ್ತನಿಗೆ ಲೆಕ್ಕಕ್ಕಿಲ್ಲ.

ಅಪ್‌ಡೇಟನ್ನೇ ಎಂದೆಂದಿಗೂ ತಡೆಯಬೇಕೆನ್ನುವವರ ಪಕ್ಷವನ್ನು ನಾವು ಒಪ್ಪುವುದಿಲ್ಲ. ಅದರಿಂದ ಬೇರೆ ಅಪಾಯಗಳುಂಟು. ವಿಂಡೋಸಿನಲ್ಲಿ ಅಪ್‌ಡೇಟನ್ನು ಕೆಲವು ವಾರಗಳ ಮಟ್ಟಿಗೆ ಮುಂದೂಡಬಹುದಾಗಿದ್ದು, ಪ್ರವಾಸಕ್ಕೆ ಹೊರಡುವ ಮುನ್ನ ಹಾಗೆ ಮಾಡಿ, ಮರಳಿದ ಮೇಲೆ ಬಿಡುಗಡೆ ಮಾಡುವುದು ವಿಹಿತ. ಪ್ರತಿ ಮುದ್ರಣದ ಟಿಪ್ಪಣಿಯಲ್ಲಿ ಹಾಡಿದವರ ಊರು, ದಿನಾಂಕಗಳ ಜೊತೆಗೆ ಡ್ರೈವರಿನ ಆವೃತ್ತಿಯನ್ನೂ ಅಳತೆಯ ವೇಗವನ್ನೂ ಬರೆದಿಟ್ಟರೆ ಮುಂದೆ ಸಂಶಯ ಬಂದಾಗ ದಾರಿ ಸಿಗುತ್ತದೆ.

ಈಗಾಗಲೇ ಕೆಟ್ಟಿರುವ ಮುದ್ರಣಗಳ ಗತಿಯೇನೆಂದು ಕೇಳಬಹುದು. ವೇಗದ ದೋಷವುಳ್ಳ ಕಡತದಲ್ಲಿ ಅಳತೆಗಳೆಲ್ಲ ಇದ್ದಹಾಗೆಯೇ ಇರುತ್ತವೆ, ತಪ್ಪಿರುವುದು ತಲೆಯ ಮೇಲಿನ ಸಂಖ್ಯೆ ಮಾತ್ರ. ಮೂಲವನ್ನು ಮುಟ್ಟದೆ ಒಂದು ಪ್ರತಿ ಮಾಡಿ, ಪ್ರತಿಯಲ್ಲಿ ಆ ಸಂಖ್ಯೆಯನ್ನು ತಿದ್ದಿದರೆ ಹಾಡು ತನ್ನ ಶ್ರುತಿಗೆ ಮರಳುತ್ತದೆ. ಸದ್ದಡಗಿಸಿದ ಕಡತಕ್ಕೆ ಮಾತ್ರ ಇಂತಹ ಚಿಕಿತ್ಸೆಯಿಲ್ಲ. ಅಂತಹವನ್ನು ಎಸೆಯಬೇಕಾಗಿಲ್ಲ, ಪದಗಳ ಸಂಗ್ರಹಕ್ಕೂ ಹಾಡಿನ ಪಾಠಕ್ಕೂ ಅವು ಒದಗುತ್ತವೆ. ಆದರೆ ಸ್ವರಗಳ ವಿವೇಚನೆಗೆ ಅವನ್ನು ಆಧಾರವಾಗಿ ಹಿಡಿಯಲಾಗದೆಂದು ಕಡತದ ಹೆಸರಿನ ಜೊತೆಯಲ್ಲಿಯೇ ಬರೆದಿಡತಕ್ಕದ್ದು.