ಮುತ್ಯಾನ ಪಾಲು ನನಗೂ ಬರುತ್ತದೆಯೇ?

ಕಮಲನಗರದಿಂದ ಬೀದರ್‌ಗೆ ವಾರಕ್ಕೆ ಎರಡು ಸಲ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಒಂದು ಸಂಜೆ ವಾಪಸು ಬಂದು ಅವರನ್ನು ಮಂಚದ ಮೇಲೆ ಮಲಗಿಸುತ್ತಿದ್ದಾಗ ಐದನೇ ತರಗತಿಯ ನನ್ನ ಮಗಳು ಕೇಳಿದಳು:

“ಅಪ್ಪಾ, ಮುತ್ಯಾಗ ಸಕ್ರಿ ರೋಗ ಅದ. ನಿನಗೂ ಅದ. ಹಂಗಾದ್ರ ನನಗೂ ಬರತದೇನು?”

ನಾನು ಶಾಲಾ ಮಾಸ್ತರ. ಆದರೂ ತಕ್ಷಣ ಉತ್ತರ ಹೊಳೆಯಲಿಲ್ಲ. “ಓದಿ ಹೇಳ್ತೀನಿ, ತಡಿ” ಎಂದೆ.

ಓದುತ್ತಾ ಹೋದಾಗ ನಮಗೆ ಹತ್ತಿರದ ಹೈದರಾಬಾದಿನಲ್ಲೇ ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಯೊಬ್ಬರು ಸಿಕ್ಕರು. ಅವರು ಸಿಸಿಎಂಬಿ ಸಂಶೋಧನಾ ಕೇಂದ್ರದ ಡಾ. ಗಿರಿರಾಜ್ ಚಾಂಡಕ್. 2006ರಲ್ಲಿ ಐಸ್‌ಲ್ಯಾಂಡ್‌ನ ಸಂಶೋಧಕರು ಟಿಸಿಎಫ್7ಎಲ್2 ಎಂಬ ಜೀನ್‌ಗೂ ಟೈಪ್ 2 ಸಕ್ಕರೆ ಕಾಯಿಲೆಗೂ ನಂಟಿದೆ ಎಂದು ತೋರಿಸಿದ್ದರು. ಭಾರತೀಯರಲ್ಲೂ ಹಾಗೆಯೇ ಇದೆಯೇ? ಚಾಂಡಕ್ ಅವರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಜೊತೆಗೂಡಿ ಪರೀಕ್ಷಿಸಿ, ಹೌದು ಎಂದು 2007ರಲ್ಲಿ ಪ್ರಕಟಿಸಿದರು. ಈ ಜೀನ್‌ನ ಒಂದು ರೂಪವಿದ್ದವರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದರಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ.

ಹಾಗೆಂದು ಆ ರೂಪ ಇದ್ದವರಿಗೆಲ್ಲ ರೋಗ ಬರುವುದಿಲ್ಲ. ಇಂಥ ನೂರಾರು ಜೀನ್‌ಗಳು ಚೂರು ಚೂರು ಪಾಲು ಹಾಕುತ್ತವೆ. ನಮ್ಮ ಕಡೆ ಒಂದೇ ತೊಗರಿ ಬೀಜ ಕರಿಮಣ್ಣಿನಲ್ಲಿ ಒಂದು ಥರ, ಕೆಂಪು ಮಣ್ಣಿನಲ್ಲಿ ಇನ್ನೊಂದು ಥರ ಬೆಳೆಯುತ್ತದಲ್ಲ, ಹಾಗೆ. ಊಟ, ಓಡಾಟ, ತೂಕ ಎಲ್ಲವೂ ಆ ಮಣ್ಣೇ. ತಾಯಿಯ ಗರ್ಭವೂ ಮಣ್ಣೇ ಎಂಬುದನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಕಂಡುಕೊಂಡರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳನ್ನು ಒಂಬತ್ತೂವರೆ ವರ್ಷದವರಾದಾಗ ನೋಡಿದರೆ, ಅವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಹೆಚ್ಚಾಗಿತ್ತು.

ಇನ್ನು ಮೂತ್ರಪಿಂಡದ ಮಾತು. ಸಕ್ಕರೆ ಕಾಯಿಲೆ ಇದ್ದವರಿಗೆಲ್ಲ ಮೂತ್ರಪಿಂಡ ಕೆಡುವುದಿಲ್ಲ. 1989ರಲ್ಲಿ ಅಮೆರಿಕದಲ್ಲಿ ಡಾ. ಸೀಕ್ವಿಸ್ಟ್ ಮತ್ತು ಸಂಗಡಿಗರು, ಇಬ್ಬರಿಗೂ ಸಕ್ಕರೆ ಕಾಯಿಲೆ ಇದ್ದ ಒಡಹುಟ್ಟಿದವರನ್ನು ಹೋಲಿಸಿ ನೋಡಿದರು. ಒಬ್ಬರ ಮೂತ್ರಪಿಂಡ ಕೆಟ್ಟಿದ್ದರೆ, ಅಂಥವರ ಒಡಹುಟ್ಟಿದವರಲ್ಲಿ ಶೇ 83ರಷ್ಟು ಮಂದಿಗೆ ಅದೇ ತೊಂದರೆಯ ಗುರುತಿತ್ತು. ಕೆಡದೆ ಇದ್ದವರ ಒಡಹುಟ್ಟಿದವರಲ್ಲಿ ಅದು ಶೇ 17 ಮಾತ್ರ. ಸಕ್ಕರೆಯ ಜೊತೆಗೆ ಮನೆತನದ್ದೂ ಏನೋ ಕೈವಾಡ ಇದೆ ಎಂದಾಯಿತು.

ಆ ‘ಏನೋ’ದ ಒಂದು ಎಳೆ ಸಿಕ್ಕಿದ್ದು 2019ರಲ್ಲಿ. ಹಲವು ದೇಶಗಳ ವಿಜ್ಞಾನಿಗಳು ಟೈಪ್ 1 ಸಕ್ಕರೆ ಕಾಯಿಲೆಯ ಸುಮಾರು 20 ಸಾವಿರ ಮಂದಿಯ ಜೀನ್‌ಗಳನ್ನು ಜಾಲಾಡಿದರು. ಮೂತ್ರಪಿಂಡದಲ್ಲಿ ರಕ್ತ ಸೋಸುವ ಜರಡಿಗೆ ನೂಲು ಒದಗಿಸುವ ಸಿಓಎಲ್4ಎ3 ಎಂಬ ಜೀನ್‌ನ ಒಂದು ರೂಪ ಇದ್ದವರಿಗೆ ಮೂತ್ರಪಿಂಡ ಕೆಡುವ ಅಪಾಯ ಕಡಿಮೆ ಎಂದು ತಿಳಿಯಿತು. ಹಿರಿಯರಿಂದ ಕೆಡುಕಷ್ಟೇ ಅಲ್ಲ, ರಕ್ಷಣೆಯೂ ಬರುತ್ತದೆ!

ಶೇ 83 ಎಂಬ ಅಂಕಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾದರೂ ನಾನು ರಕ್ತ ಪರೀಕ್ಷೆ ಮಾತ್ರ ಮಾಡಿಸಿದ್ದೆ. ಜರಡಿ ಸಡಿಲಾಗತೊಡಗಿದರೆ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಆಗ ನೋವೂ ಇಲ್ಲ, ಬಾವೂ ಇಲ್ಲ. ಮೂತ್ರ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಟೈಪ್ 2 ಇದ್ದವರು ಅದನ್ನು ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಮರುದಿನವೇ ಮಾಡಿಸಿದೆ. ಸ್ವಲ್ಪ ಸೋರುತ್ತಿತ್ತು. “ಬೇಗ ಬಂದ್ರಿ. ಬಿಪಿ, ಸಕ್ಕರೆ ಹತೋಟಿಯಲ್ಲಿಟ್ಟು ಮಾತ್ರೆ ತಪ್ಪಿಸದಿದ್ದರೆ ಇದನ್ನು ನಿಧಾನ ಮಾಡಬಹುದು” ಎಂದರು ವೈದ್ಯರು. ಅಪ್ಪನಿಗೆ ಈ ಮಾತು ಹೇಳುವವರು ಆಗ ಯಾರೂ ಇರಲಿಲ್ಲ.

ಪುಣೆಯಲ್ಲಿರುವ ತಮ್ಮನಿಗೂ ಸಕ್ಕರೆ ಕಾಯಿಲೆ ಇದೆ. ಅಂದೇ ಫೋನ್ ಮಾಡಿದೆ. “ನನಗೇನೂ ಆಗಿಲ್ಲಣ್ಣ” ಎಂದ. “ನನಗೂ ಏನೂ ಆಗಿದ್ದಿಲ್ಲೋ. ನಾಳೆನೇ ಮಾಡಿಸು” ಎಂದೆ.

ಮಗಳಿಗೆ ಉತ್ತರ ಹೇಳಬೇಕಿತ್ತಲ್ಲ. “ಬರಬಹುದು ಪುಟ್ಟಿ, ಬರದೇನೂ ಇರಬಹುದು. ಬೀಜ ನಮ್ಮ ಕೈಯಾಗ ಇಲ್ಲ, ಹೊಲ ಅದ” ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಾಳಿಂದ ನೀನೂ ನನ್ನ ಜೋಡಿ ಸಾಲಿಗಿ ನಡಕೋತ ಬಾ. ಗಾಡಿ ಬ್ಯಾಡ” ಎಂದಳು.

ಈಗ ನಡೆದುಕೊಂಡೇ ಹೋಗುತ್ತೇವೆ.