ವಿದ್ಯಾರ್ಥಿಗಳು ನಡೆಸುವ ರಿಯಾಕ್ಟರು

ದಡದಲ್ಲಿ ಕುಳಿತು ಈಜು ಕಲಿತವರಿಲ್ಲ. ಈ ಮಾತು ಪರಮಾಣು ರಿಯಾಕ್ಟರಿಗೂ ಸಲ್ಲುವುದೆ? ಹತ್ತೊಂಬತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿಗಳ ಕೈಗೆ ಅಂತಹ ಯಂತ್ರವನ್ನೊಪ್ಪಿಸಿ, ‘ನಡೆಸಿ ಕಲಿಯಿರಿ’ ಎನ್ನುವುದು ವಿವೇಕವೆ? ಅಮೆರಿಕದ ಪೋರ್ಟ್‌ಲೆಂಡ್ ನಗರದ ರೀಡ್ ಕಾಲೇಜು 1968ರಿಂದಲೂ ಹೀಗೆ ಮಾಡುತ್ತ ಬಂದಿದೆ. ಅಲ್ಲಿ ವಿಜ್ಞಾನೇತರ ವಿಷಯಗಳನ್ನು ಓದುವವರೂ ಈ ವಿದ್ಯೆಯನ್ನು ಕಲಿಯಬಹುದು. ಆದರೆ ಸುಮಾರು ಒಂದು ವರ್ಷ ಅಭ್ಯಾಸ ಮಾಡಿ, ಸರ್ಕಾರದ ಪರಮಾಣು ನಿಯಂತ್ರಣ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಯಂತ್ರ ನಡೆಸುವ ಪರವಾನಗಿ ದೊರೆಯುತ್ತದೆ.

ಈ ರಿಯಾಕ್ಟರು ಸುಮಾರು 25 ಅಡಿ ಆಳದ ನೀರಿನ ತೊಟ್ಟಿಯ ತಳದಲ್ಲಿದೆ. ಅದರ ಗರಿಷ್ಠ ಸಾಮರ್ಥ್ಯ 250 ಕಿಲೋವಾಟ್. ಅದು ‘ಟ್ರೈಗ’ ಎಂಬ ಜಾತಿಗೆ ಸೇರಿದುದು. 1956ರಲ್ಲಿ ಎಡ್ವರ್ಡ್ ಟೆಲ್ಲರ್, ಫ್ರೀಮನ್ ಡೈಸನ್ ಮೊದಲಾದವರು ಈ ಜಾತಿಯನ್ನು ಕಲ್ಪಿಸಿದಾಗ, ಅನನುಭವಿಯ ಕೈಯಲ್ಲಿಯೂ ಅನಾಹುತವಾಗಬಾರದೆಂಬುದೇ ಅವರ ಗುರಿಯಾಗಿತ್ತು. ನಿಧಾನವಾಗಿ ಚಲಿಸುವ ನ್ಯೂಟ್ರಾನುಗಳು ಯುರೇನಿಯಂ-235ನ್ನು ಸುಲಭವಾಗಿ ಸೀಳುತ್ತವೆ. ವೇಗವನ್ನು ತಗ್ಗಿಸುವ ಜಲಜನಕವು ಇಲ್ಲಿ ಇಂಧನದೊಳಗೇ ಸೇರಿಕೊಂಡಿದೆ. ಇಂಧನ ಕಾದರೆ ಜಲಜನಕವೂ ರಭಸದಿಂದ ಕಂಪಿಸಿ, ನ್ಯೂಟ್ರಾನುಗಳ ವೇಗವನ್ನು ಹೆಚ್ಚಿಸುತ್ತದೆ. ವಿದಳನವು ತಾನಾಗಿಯೇ ಕುಗ್ಗುತ್ತದೆ.

ಯಂತ್ರವೇ ಇಷ್ಟು ಜಾಣನಾಗಿರುವಾಗ ಮನುಷ್ಯನಿಗೆ ತರಬೇತಿಯೇಕೆ? ಎಲ್ಲ ರಿಯಾಕ್ಟರುಗಳೂ ಹೀಗಿರುವುದಿಲ್ಲ. 1986ರಲ್ಲಿ ಚೆರ್ನೋಬಿಲ್ಲಿನಲ್ಲಿ ಕೆಲವು ರಕ್ಷಣಾ ಏರ್ಪಾಟುಗಳನ್ನು ನಡೆಸುವವರೇ ತಡೆದಿಟ್ಟು ಪ್ರಯೋಗಕ್ಕೆ ತೊಡಗಿದ್ದರು. ಅದರ ಫಲವನ್ನು ಜಗತ್ತು ಕಂಡಿತು. ಆದುದರಿಂದ ಪರಮಾಣು ವಿದ್ಯೆಯಲ್ಲಿ ಮೂರು ಬಗೆಯ ಎಚ್ಚರವನ್ನು ಕಲಿಸುತ್ತಾರೆ.

ಮೊದಲನೆಯದು ಸುರಕ್ಷತೆ, ಆಕಸ್ಮಿಕವನ್ನು ತಡೆಯುವುದು. ನಿಯಂತ್ರಣ ಸರಳುಗಳು ನ್ಯೂಟ್ರಾನುಗಳನ್ನು ಹೀರುತ್ತವೆ. ಸರಳನ್ನು ಎಷ್ಟು ಎತ್ತಿದರೆ ಸರಪಣಿಕ್ರಿಯೆ ತಾನೇ ನಿಲ್ಲದೆ ಸಾಗುವುದೆಂಬುದನ್ನು ವಿದ್ಯಾರ್ಥಿ ಮೊದಲು ಲೆಕ್ಕ ಹಾಕಬೇಕು; ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕು. ಲೆಕ್ಕಕ್ಕೂ ಮೀಟರಿಗೂ ತಾಳೆಯಾಗದಿದ್ದರೆ ಮುಂದುವರಿಯಕೂಡದು. ಅಪಾಯದ ಗುಂಡಿಯನ್ನೊತ್ತಿದರೆ ವಿದ್ಯುತ್ಕಾಂತಗಳ ಹಿಡಿತ ತಪ್ಪಿ ಸರಳುಗಳು ತಮ್ಮ ಭಾರದಿಂದಲೇ ಕೆಳಕ್ಕೆ ಬೀಳುತ್ತವೆ.

ಎರಡನೆಯದು ಭದ್ರತೆ, ಇಲ್ಲಿ ಎದುರಾಳಿ ಕಳ್ಳ. ಬೀಗ, ಕಾವಲು, ಒಳಬರುವವರ ವಿಚಾರಣೆ ಇವೆಲ್ಲ ಬೇಕು. ಕದ್ದರೂ ಬಾಂಬಿಗೆ ನೇರವಾಗಿ ಒದಗದ ಇಂಧನವನ್ನು ಬಳಸುವುದು ಇನ್ನೊಂದು ಜಾಣತನ. ಪ್ರಾಗಿನ ಚೆಕ್ ತಾಂತ್ರಿಕ ವಿಶ್ವವಿದ್ಯಾಲಯದ ತರಬೇತಿ ರಿಯಾಕ್ಟರು 1990ರಲ್ಲಿ ಆರಂಭವಾದಾಗ ಅದರ ಇಂಧನದ ಯುರೇನಿಯಂನಲ್ಲಿ 235ರ ಪಾಲು ಶೇಕಡ 36 ಇತ್ತು. 2005ರಲ್ಲಿ ಅದನ್ನು ತೆಗೆದು, ಶೇಕಡ 20ಕ್ಕಿಂತ ಕಡಮೆ ಇರುವುದನ್ನು ತುಂಬಿದರು.

ಮೂರನೆಯದು ಲೆಕ್ಕಪರೀಕ್ಷೆ, ‘ಸೇಫ್‌ಗಾರ್ಡ್ಸ್’ ಎಂಬುದು ಇದನ್ನೇ. ಇಲ್ಲಿ ಸಂಶಯ ಕಳ್ಳನ ಮೇಲಲ್ಲ, ಮನೆಯೊಡೆಯನ ಮೇಲೆ! ಒಂದು ದೇಶವೇ ಶಾಂತಿಯ ಹೆಸರಿನಲ್ಲಿ ಪಡೆದ ಇಂಧನವನ್ನು ಅಸ್ತ್ರಕ್ಕೆ ತಿರುಗಿಸದಂತೆ, 1957ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪರೀಕ್ಷಕರು ಲೆಕ್ಕ ನೋಡುತ್ತಾರೆ. ಡಬ್ಬಿಯ ಮೇಲಿನ ಚೀಟಿಯನ್ನು ನಂಬಿದರೆ ಸಾಲದು. ಯುರೇನಿಯಂ-235 ಹೊರಸೂಸುವ 186 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣವನ್ನು ಅಳೆದು ಅದರ ಪಾಲನ್ನು ಕಂಡುಹಿಡಿಯಬಹುದು. ತರಬೇತಿಯಲ್ಲಿ ವಿದ್ಯಾರ್ಥಿಗಳಿಂದಲೂ ಈ ಪ್ರಯೋಗವನ್ನು ಮಾಡಿಸುವುದುಂಟು. ಡಬ್ಬಿಯ ಗೋಡೆ ದಪ್ಪವಾದಷ್ಟೂ ಕಿರಣ ಕ್ಷೀಣಿಸುತ್ತದೆ. ಆ ದಪ್ಪವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೆಚ್ಚು ಸಾಂದ್ರವಾದ ಯುರೇನಿಯಂ ಕೂಡ ಸಾಧಾರಣವಾದುದೆಂದು ತೋರೀತು. ಲೆಕ್ಕದಲ್ಲಿನ ಸಣ್ಣ ಅಜಾಗರೂಕತೆಯೊಂದು ಒಂದು ದೇಶದ ಮೇಲೆ ಸುಳ್ಳು ಆರೋಪವನ್ನು ಹೊರಿಸಬಹುದು, ಇಲ್ಲವೆ ನಿಜವಾದ ಮೋಸವನ್ನು ಮುಚ್ಚಿಬಿಡಬಹುದು.

ಇಂತಹ ಎಚ್ಚರವನ್ನು ಪುಸ್ತಕವು ವಿವರಿಸಬಲ್ಲದು, ಅಭ್ಯಾಸ ಮಾಡಿಸಲಾರದು. ಆದುದರಿಂದಲೇ ಮೀಟರಿನ ಮುಂದೆ ಕುಳಿತ ವಿದ್ಯಾರ್ಥಿ ಎಲ್ಲಕ್ಕಿಂತ ಮೊದಲು ಕಲಿಯುವುದು, ಅನುಮಾನ ಬಂದಾಗ ನಿಲ್ಲಿಸುವುದನ್ನು. ನಮ್ಮ ಕಾಲೇಜಿನ ಪ್ರಯೋಗಶಾಲೆಗಳಲ್ಲಿಯೂ, ನಿರೀಕ್ಷಿಸಿದ ಅಂಕಿಗೆ ಒಗ್ಗುವಂತೆ ಫಲಿತಾಂಶವನ್ನು ತಿದ್ದುವ ಆಸೆ ಹುಟ್ಟಿದಾಗ, ನಾವು ಈ ಪಾಠವನ್ನು ನೆನೆಯುವುದೊಳ್ಳೆಯದು.