ಎಂಟನೇ ವರ್ಷಕ್ಕೂ ಓಡುವ ಬಸ್ಸು ಬೇಕು

ಹೊಸ ಬಸ್ಸುಗಳಿಗೆ ಹಸಿರು ನಿಶಾನೆ ತೋರಿಸುವ ದಿನ ಅವು ಸಾಲಾಗಿ ನಿಂತ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಬಾಗಿಲಿಗೆ ಬಾಳೆಕಂದು, ಬಂಪರಿಗೆ ಸೇವಂತಿಗೆ ಹಾರ, ಗಾಜಿನ ಮೇಲೆ ಅರಿಸಿನ ಕುಂಕುಮ. ಆ ದಿನ ಯಾವ ಬಸ್ಸೂ ಚೆಂದವೇ. ಅದು ನಿಜಕ್ಕೂ ಒಳ್ಳೆಯ ಬಸ್ಸೋ ಅಲ್ಲವೋ ಎಂಬುದು ಗೊತ್ತಾಗುವುದು ಏಳೆಂಟು ವರ್ಷ ದುಡಿದು, ಹತ್ತು ಲಕ್ಷ ಕಿಲೋಮೀಟರಿನ ಹತ್ತಿರ ಬಂದು, ಮಳೆಗಾಲದ ನಡುರಾತ್ರಿ ಡಿಪೋದ ಪಿಟ್ ಮೇಲೆ ನಿಂತಾಗ. ಬೆಳಗಿನ ಐದೂವರೆಯ ಶೆಡ್ಯೂಲಿಗೆ ಅದು ಹೊರಡಲೇಬೇಕು. ಹೊರಡುತ್ತದೆಯೇ?

ನಾನು ಸಾರಿಗೆ ಡಿಪೋದ ಮೆಕ್ಯಾನಿಕಲ್ ಶಾಖೆಯಲ್ಲಿ ದುಡಿದು ನಿವೃತ್ತನಾದವನು. ನಿಗಮಗಳು ಹೊಸ ಎಕ್ಸ್‌ಪ್ರೆಸ್ ಮಾದರಿ ತರುತ್ತವೆ ಎಂಬ ಸುದ್ದಿ ಓದಿದಾಗಲೆಲ್ಲ ಜನ ಸೀಟು, ಎಸಿ, ಬಣ್ಣದ ಬಗ್ಗೆ ಕೇಳುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಫುಟ್‌ಬೋರ್ಡಿಗೆ, ಸಸ್ಪೆನ್ಷನ್ನಿಗೆ, ಇಂಜಿನ್ ಎಲ್ಲಿ ಕೂತಿದೆ ಎಂಬುದಕ್ಕೆ. ಒಂದು ಮಾದರಿ ಆರಿಸುವುದೆಂದರೆ ಮುಂದಿನ ಹತ್ತು ವರ್ಷ ಆ ದಾರಿಯ ಜನ ಹೇಗೆ ಪ್ರಯಾಣ ಮಾಡುತ್ತಾರೆ ಎಂಬುದನ್ನು ಇವತ್ತೇ ತೀರ್ಮಾನಿಸುವುದು. ಆ ತೀರ್ಮಾನ ಹೇಗೆ ಆಗುತ್ತದೆ, ಹೇಗೆ ಆಗಬೇಕು ಎಂಬುದು ಟಿಕೆಟ್ ಕೊಳ್ಳುವ ಎಲ್ಲರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೆಂಪು ಬಸ್ಸಿನಿಂದ ಅಂಬಾರಿಯವರೆಗೆ

1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾದಾಗ ಇದ್ದದ್ದು 120 ಬಸ್ಸು. 1961ರಲ್ಲಿ ಅದು ನಿಗಮವಾಯಿತು. ಆಮೇಲೆ ದಶಕಗಟ್ಟಲೆ ನಮ್ಮ ರಾಜ್ಯದಲ್ಲಿ ದೂರದ ಪ್ರಯಾಣವೆಂದರೆ ಒಂದೇ ಚಿತ್ರ: ಲಾರಿಯದೇ ತಳಿಯ ಚಾಸಿಸ್, ಚಾಲಕನ ಮಗ್ಗುಲಲ್ಲಿ ಕುದಿಯುವ ಇಂಜಿನ್, ಕೆಳಗೆ ಪಟ್ಟಿ ಸ್ಪ್ರಿಂಗ್, ಹಿಂದಿನ ಸೀಟಿನಲ್ಲಿ ಕೂತವರಿಗೆ ಪ್ರತಿ ಹಂಪಿಗೂ ಒಂದು ಎತ್ತು.

2001ರಲ್ಲಿ ವೋಲ್ವೊ ಕಂಪನಿ ಬಿ7ಆರ್ ಬಸ್ಸನ್ನು ಭಾರತಕ್ಕೆ ತಂದಿತು. ಇಂಜಿನ್ ಹಿಂದೆ, ಚಕ್ರದ ಮೇಲೆ ಗಾಳಿ ತುಂಬಿದ ರಬ್ಬರ್ ಬೆಲ್ಲೋಸ್. ನಮ್ಮ ನಿಗಮ ಅದಕ್ಕೆ ಐರಾವತ ಎಂದು ಹೆಸರಿಟ್ಟಿತು. ಸರ್ಕಾರಿ ಬಸ್ಸಿನಲ್ಲೂ ಹೀಗೆ ಅಲುಗಾಡದೆ ಹೋಗಬಹುದು ಎಂದು ಜನ ಆಗ ಕಂಡರು. ಅದು ಸಣ್ಣ ಸಂಗತಿಯಲ್ಲ. ಕಾರಿದ್ದವರು, ಖಾಸಗಿ ಟ್ರಾವೆಲ್ಸ್ ಹಿಡಿಯುತ್ತಿದ್ದವರು ನಿಗಮದ ಕೌಂಟರಿಗೆ ಬರುವಂತಾಯಿತು. ಮುಂದೆ ಮೂರು ಆಕ್ಸೆಲ್ಲಿನ ಕ್ಲಬ್ ಕ್ಲಾಸ್ ಬಂತು, ಸ್ಲೀಪರ್‌ಗಳು ಬಂದವು. 2023ರ ಫೆಬ್ರವರಿಯಲ್ಲಿ ಬಂದ ಅಂಬಾರಿ ಉತ್ಸವ 15 ಮೀಟರ್ ಉದ್ದದ ವೋಲ್ವೊ 9600 ಸ್ಲೀಪರ್. 40 ಜನ ಮಲಗಿ ಹೋಗಬಹುದು. 2024ರ ಕೊನೆಯಲ್ಲಿ ಬಂದ ಐರಾವತ ಕ್ಲಬ್ ಕ್ಲಾಸ್ 2.0 ಬಸ್ಸಿನ ಬೆಲೆ ಆಗ ಒಂದಕ್ಕೆ 1.78 ಕೋಟಿ ರೂಪಾಯಿ. ಅದೇ ಹಣಕ್ಕೆ ಹಲವು ಸಾಮಾನ್ಯ ಬಸ್ಸು ಬರುತ್ತವೆ.

ನಾನು ಐರಾವತದ ವಿರೋಧಿಯಲ್ಲ. ಬೆಂಗಳೂರಿನಿಂದ ಹೈದರಾಬಾದಿಗೋ ಮುಂಬೈಗೋ ರಾತ್ರಿಯಿಡೀ ಹೋಗುವವರಿಗೆ ಆ ಬಸ್ಸೇ ಸರಿ. ಆದರೆ ಎಲ್ಲ ದಾರಿಗೂ ಅದು ಒಗ್ಗುವುದಿಲ್ಲ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ 15 ಮೀಟರಿನ ಬಸ್ಸನ್ನು ತಿರುಗಿಸಲು ಜಾಗವೇ ಇಲ್ಲ. ಹೆದ್ದಾರಿಗೆ ಹುಟ್ಟಿದ ಬಸ್ಸು ಬೇರೆ, ಘಟ್ಟಕ್ಕೆ ಹುಟ್ಟಿದ ಬಸ್ಸು ಬೇರೆ.

ಹೆಚ್ಚು ಜನ ಹತ್ತುವ ಬಸ್ಸು ಯಾವುದು?

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಕರ್ನಾಟಕ ಸಾರಿಗೆ ಎಂದು ಬರೆದ ಕೆಂಪು ಎಕ್ಸ್‌ಪ್ರೆಸ್ಸಿನ ಮೇಲೆ ಭಾರ ಒಮ್ಮೆಲೇ ಏರಿತು. ಆಸ್ಪತ್ರೆಗೆ ಹೋಗುವ ತಾಯಿ, ಕಾಲೇಜಿನ ಹುಡುಗಿ, ಸಂತೆಗೆ ಹೊರಟವರು, ಧರ್ಮಸ್ಥಳಕ್ಕೆ ಹೊರಟ ಸಂಘದ ಹೆಂಗಸರು ಎಲ್ಲರೂ ಅದರಲ್ಲೇ.

ಆ ದೃಷ್ಟಿಯಿಂದ 2024ರ ಫೆಬ್ರವರಿಯಲ್ಲಿ ಬಂದ ಅಶ್ವಮೇಧ ಕ್ಲಾಸಿಕ್ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮೊದಲ ಕಂತಿನಲ್ಲಿ 100 ಬಸ್ಸು. ಪಾಯಿಂಟ್ ಟು ಪಾಯಿಂಟ್ ಓಡುವ, ಎಸಿ ಇಲ್ಲದ, 52 ಸೀಟಿನ ಎಕ್ಸ್‌ಪ್ರೆಸ್. ದೊಡ್ಡ ಮುಂಗಾಜು, ಅಗಲವಾದ ಕಿಟಕಿ, ತಲೆ ಆನಿಸುವ ಸೀಟು, ಎಲ್‌ಇಡಿ ಬೋರ್ಡು, ಪ್ಯಾನಿಕ್ ಬಟನ್. ವರ್ಷಾನುಗಟ್ಟಲೆ ಹೊಸತನವೆಲ್ಲ ದುಬಾರಿ ಬಸ್ಸುಗಳ ಪಾಲಾಗುತ್ತಿತ್ತು. ಸಾಮಾನ್ಯರ ಬಸ್ಸಿನ ವಿನ್ಯಾಸಕ್ಕೂ ತಲೆ ಓಡಿಸಬೇಕು ಎಂದು ನಿಗಮಕ್ಕೆ ಅನ್ನಿಸಿದ್ದೇ ದೊಡ್ಡದು.

ಆದರೂ ಒಂದು ಕೆಲಸ ಬಾಕಿ ಇದೆ. ಯಾವುದಾದರೂ ತಾಲ್ಲೂಕು ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿ. ವಯಸ್ಸಾದ ಹೆಂಗಸು ಮೊದಲು ಚೀಲವನ್ನು ಮೇಲಿಡುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಎರಡೂ ಕೈಯಿಂದ ಕಂಬಿ ಹಿಡಿದು, ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ಮಂಡಿಗೆ ಶಕ್ತಿ ಸಾಲದೆ ಮತ್ತೆ ಇಳಿಸುತ್ತಾಳೆ. ಹಿಂದಿದ್ದವರು ಬೆನ್ನಿಗೆ ಕೈ ಕೊಟ್ಟು ಎತ್ತುತ್ತಾರೆ. ಮೇಲೆ ಇನ್ನೂ ಎರಡು ಮೆಟ್ಟಿಲು. ಕಂಡಕ್ಟರ್ ‘ಬೇಗ ಬೇಗ’ ಅನ್ನುತ್ತಾನೆ. ಅವನದೂ ತಪ್ಪಲ್ಲ, ಲಾಗ್‌ಶೀಟಿನಲ್ಲಿ ಸಮಯ ಬರೆದಿದೆ.

ಮುಂದೆ ಇಂಜಿನ್ ಇರುವ, ಲಾರಿ ಎತ್ತರದ ಚಾಸಿಸ್ಸಿನ ಮೇಲೆ ಬಾಡಿ ಕಟ್ಟಿದರೆ ನೆಲ ಎತ್ತರದಲ್ಲೇ ಇರುತ್ತದೆ. ಬಸ್ಸಿಗೆಂದೇ ಮಾಡಿದ ಚಾಸಿಸ್ಸಾದರೆ, ಗಾಳಿಯ ಸಸ್ಪೆನ್ಷನ್ ಇದ್ದರೆ, ನೆಲವನ್ನು ತಗ್ಗಿಸಬಹುದು; ನಿಂತಾಗ ಬಸ್ಸನ್ನೇ ಒಂದು ಕಡೆ ಬಾಗಿಸಲೂಬಹುದು. ನಗರದ ಲೋ-ಫ್ಲೋರ್ ಬಸ್ಸುಗಳಲ್ಲಿ ಈ ಅನುಕೂಲ ಎಂದೋ ಬಂದಿದೆ. ಹಳ್ಳಿ ರಸ್ತೆಯ ಹಂಪು, ಗುಂಡಿಗಳಿಗೆ ಅಷ್ಟು ತಗ್ಗಿನ ಬಸ್ಸು ತಾಳದು ನಿಜ. ಆದರೆ ಮೊದಲ ಮೆಟ್ಟಿಲನ್ನಾದರೂ ನಾಲ್ಕು ಬೆರಳು ಇಳಿಸಲು, ಕಂಬಿಯನ್ನು ಕೈಗೆ ಸಿಗುವಲ್ಲಿ ಕೂಡಿಸಲು, ಬಾಗಿಲನ್ನು ಇನ್ನಷ್ಟು ಅಗಲ ಮಾಡಲು ಯಾವ ಅಡ್ಡಿಯೂ ಇಲ್ಲ. ಎಕ್ಸ್‌ಪ್ರೆಸ್ ಸಮಯ ಕಳೆದುಕೊಳ್ಳುವುದು ರಸ್ತೆಯಲ್ಲಿ ಮಾತ್ರ ಎಂದು ತಿಳಿಯಬೇಡಿ. ಬಾಗಿಲಲ್ಲೂ ಕಳೆದುಕೊಳ್ಳುತ್ತದೆ. ಪ್ರತಿ ನಿಲ್ದಾಣದಲ್ಲೂ ಎರಡು ನಿಮಿಷ ಉಳಿದರೆ, ಹತ್ತು ನಿಲ್ದಾಣದ ದಾರಿಯಲ್ಲಿ ಇಪ್ಪತ್ತು ನಿಮಿಷ ಬೇಗ ಊರು ಸೇರಬಹುದು. ಇಂಜಿನ್ ದೊಡ್ಡದು ಮಾಡುವ ಅಗತ್ಯವೂ ಇಲ್ಲ.

ಕೆಎಂಪಿಎಲ್ ಎಂಬ ಲೆಕ್ಕ

ಡಿಪೋದಲ್ಲಿ ದಿನವೂ ಬೋರ್ಡಿನ ಮೇಲೆ ಬರೆಯುವ ಒಂದು ಅಂಕಿ ಇದೆ: ಲೀಟರಿಗೆ ಎಷ್ಟು ಕಿಲೋಮೀಟರು. ನಮ್ಮ ಬಾಯಲ್ಲಿ ಅದು ಕೆಎಂಪಿಎಲ್. ಒಳ್ಳೆಯ ಸ್ಥಿತಿಯಲ್ಲಿರುವ ಕೆಂಪು ಬಸ್ಸು ಐದರ ಆಸುಪಾಸು ಕೊಡುತ್ತದೆ. ಎಸಿ ಇರುವ, ಮೂರು ಆಕ್ಸೆಲ್ಲಿನ ದೊಡ್ಡ ಬಸ್ಸು ಮೂರರ ಆಸುಪಾಸು.

ದಿನಕ್ಕೆ 500 ಕಿಲೋಮೀಟರು ಓಡುವ ಎಕ್ಸ್‌ಪ್ರೆಸ್ ಒಂದನ್ನು ತೆಗೆದುಕೊಳ್ಳಿ. ಲೀಟರಿಗೆ ಐದು ಸಿಕ್ಕರೆ 100 ಲೀಟರು ಡೀಸೆಲ್. ನಾಲ್ಕೂವರೆಗೆ ಇಳಿದರೆ 111 ಲೀಟರು. ಅರ್ಧ ಕಿಲೋಮೀಟರಿನ ವ್ಯತ್ಯಾಸಕ್ಕೆ ದಿನಕ್ಕೆ ಹನ್ನೊಂದು ಲೀಟರು ಹೆಚ್ಚು. ಅಂಥ ಸಾವಿರ ಬಸ್ಸಿದ್ದರೆ ದಿನಕ್ಕೆ 11,000 ಲೀಟರು. ಬಾಡಿಯ ತೂಕ ಒಂದಿಷ್ಟು ಹೆಚ್ಚಾದರೆ, ಗೇರಿನ ಅನುಪಾತ ಆ ರಸ್ತೆಗೆ ಹೊಂದದಿದ್ದರೆ ಈ ಅರ್ಧ ಕಿಲೋಮೀಟರು ಸದ್ದಿಲ್ಲದೆ ಸೋರಿಹೋಗುತ್ತದೆ. ಟೆಂಡರಿನಲ್ಲಿ ಕೊಳ್ಳುವ ಬೆಲೆಯ ಜೊತೆಗೆ ಬಸ್ಸಿನ ಇಡೀ ಆಯುಷ್ಯದ ಖರ್ಚನ್ನೂ ತೂಗಬೇಕು ಎಂದು ಡಿಪೋದವರು ಹೇಳುವುದು ಇದಕ್ಕೇ.

ಇನ್ನೊಂದು ಬದಲಾವಣೆ ಹೊರಗಿನವರಿಗೆ ಕಾಣುವುದಿಲ್ಲ. 2020ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬಿಎಸ್-6 ನಿಯಮ ಕಡ್ಡಾಯವಾಯಿತು. ಈಗಿನ ಡೀಸೆಲ್ ಬಸ್ಸಿಗೆ ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ಅದು ನೈಟ್ರೋಜನ್ನಾಗಿ, ನೀರಿನ ಆವಿಯಾಗಿ ಮಾರ್ಪಡಿಸುತ್ತದೆ. ಊರ ಗಾಳಿಗೆ ಇದು ಒಳ್ಳೆಯದೇ. ಡಿಪೋದ ಕೆಲಸವನ್ನು ಮಾತ್ರ ಇದು ಬುಡಸಹಿತ ಬದಲಿಸಿತು. ನಾವು ಸುತ್ತಿಗೆಯಿಂದ ಚಕ್ರದ ನಟ್ ತಟ್ಟಿ, ಸದ್ದು ಕೇಳಿಯೇ ಯಾವುದು ಸಡಿಲ ಎಂದು ಹೇಳುತ್ತಿದ್ದೆವು. ಬಾನೆಟ್ ಮೇಲೆ ಅಂಗೈಯಿಟ್ಟು ಇಂಜಿನ್ನಿನ ನಡುಕ ಗುರುತಿಸುತ್ತಿದ್ದೆವು. ಈಗಿನ ಮೆಕ್ಯಾನಿಕ್ ಮೊದಲು ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಬೇಕು. ಒಂದು ಸೆನ್ಸರ್ ಕೆಟ್ಟರೆ ಗಟ್ಟಿಮುಟ್ಟಾದ ಇಂಜಿನ್ ಕೂಡ ಶಕ್ತಿ ತಗ್ಗಿಸಿಕೊಂಡು ತೆವಳುತ್ತದೆ. ಹೊಸ ಮಾದರಿ ತರುವ ಮುನ್ನ ಅದನ್ನು ರಿಪೇರಿ ಮಾಡುವ ಹುಡುಗರಿಗೆ ತರಬೇತಿ, ಸ್ಕ್ಯಾನರ್, ಬಿಡಿಭಾಗ ಮೊದಲು ಬರಬೇಕು.

ಬಿಡಿಭಾಗದ ಮಾತಿಗೆ ಒಂದು ಉದಾಹರಣೆ ಸಾಕು. ಸ್ವೀಡನ್ನಿನ ಸ್ಕ್ಯಾನಿಯಾ ಕಂಪನಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಾರ್ಖಾನೆ ತೆರೆಯಿತು. ಅದರ ಬಸ್ಸುಗಳನ್ನು ನಮ್ಮ ನಿಗಮವೂ ಕೊಂಡಿತು. ಕೆಲವೇ ವರ್ಷಗಳಲ್ಲಿ ಕಂಪನಿ ಇಲ್ಲಿನ ಬಸ್ ತಯಾರಿಕೆ ನಿಲ್ಲಿಸಿತು. ಬಸ್ಸು ಎಷ್ಟೇ ಚೆನ್ನಾಗಿರಲಿ, ಅದರ ತಯಾರಕ ಹತ್ತು ವರ್ಷ ಜೊತೆಗಿರುತ್ತಾನೆಯೇ ಎಂಬ ಪ್ರಶ್ನೆಯನ್ನೂ ಕೇಳಿಯೇ ಕೊಳ್ಳಬೇಕು. ಇತ್ತ ಬೆಂಗಳೂರು, ಹಾಸನದ ಕಾರ್ಯಾಗಾರಗಳಲ್ಲಿ ನಮ್ಮ ಕೆಲಸಗಾರರು ಹಳೆಯ ಬಸ್ಸುಗಳ ತಗಡು ಬಿಚ್ಚಿ, ಚೌಕಟ್ಟು ಸರಿಮಾಡಿ, ಹೊಸ ಸೀಟು ಕೂರಿಸಿ ಮತ್ತೆ ರಸ್ತೆಗೆ ಕಳಿಸಿದ್ದಾರೆ. ಬಿಚ್ಚಿ ಕಟ್ಟಲು ಬರುವಂಥ ವಿನ್ಯಾಸವಿದ್ದರೆ ಮಾತ್ರ ಈ ಕೈಚಳಕ ಉಪಯೋಗಕ್ಕೆ ಬರುತ್ತದೆ.

ಬೆಂಕಿಯ ಪಾಠ

2013ರ ಅಕ್ಟೋಬರ್ 30ರ ನಸುಕು ಮರೆಯುವಂಥದ್ದಲ್ಲ. ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡಿತು. 45 ಜನ ಸತ್ತರು. ಹದಿನೈದು ದಿನ ಕಳೆಯುವಷ್ಟರಲ್ಲಿ ಹಾವೇರಿ ಬಳಿ ಇನ್ನೊಂದು ಖಾಸಗಿ ಬಸ್ಸು ಹೊತ್ತಿ ಏಳು ಜನ ಹೋದರು. ನಿದ್ದೆಯಲ್ಲಿದ್ದವರಿಗೆ ಬಾಗಿಲು ಎಲ್ಲಿದೆ ಎಂದೇ ಹೊಗೆಯಲ್ಲಿ ತಿಳಿಯುವುದಿಲ್ಲ. ಆ ಸುದ್ದಿ ಬಂದಾಗ ಡಿಪೋದಲ್ಲಿ ಯಾರೂ ಮಾತಾಡಲಿಲ್ಲ. ಪ್ರತಿ ಬಸ್ಸಿನ ವೈರಿಂಗನ್ನು ಇನ್ನೊಮ್ಮೆ ಕೈಯಾಡಿಸಿ ನೋಡಿದೆವು.

ಕ್ಲಬ್ ಕ್ಲಾಸ್ 2.0 ಬಸ್ಸುಗಳಲ್ಲಿ ಬೆಂಕಿ ಪತ್ತೆಹಚ್ಚುವ, ಒಳಗೆ ನೀರು ಸಿಂಪಡಿಸುವ ವ್ಯವಸ್ಥೆ ಇದೆ. ಈ ರಕ್ಷಣೆ ದುಬಾರಿ ಟಿಕೆಟಿನವರಿಗಷ್ಟೇ ಮೀಸಲಾಗಬಾರದು. ತುರ್ತು ಬಾಗಿಲಿಗೆ ಅಡ್ಡ ಸೀಟು ಹಾಕದಿರುವುದು, ಗಾಜು ಒಡೆಯುವ ಸುತ್ತಿಗೆ ಅದರ ಜಾಗದಲ್ಲೇ ಇರುವುದು, ಹೊರಡುವ ಮುನ್ನ ಕಂಡಕ್ಟರ್ ಅರ್ಧ ನಿಮಿಷ ತುರ್ತು ದಾರಿ ತೋರಿಸುವುದು ಇವಕ್ಕೆ ಕೋಟಿ ಬೇಕಿಲ್ಲ.

ಎಲೆಕ್ಟ್ರಿಕ್ ಬಸ್ಸು ಮತ್ತು ಹೊಸ ಒಪ್ಪಂದ

2014ರಲ್ಲಿ ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಬಸ್ಸೊಂದನ್ನು ಮೆಜೆಸ್ಟಿಕ್–ಕಾಡುಗೋಡಿ ನಡುವೆ ಪ್ರಯೋಗಕ್ಕೆ ಓಡಿಸಿತು. ಮೊದಲು ಓಡಿಸಿ ನೋಡುವುದು ಒಳ್ಳೆಯ ಪದ್ಧತಿ. 2023ರಲ್ಲಿ ಇವಿ ಪವರ್ ಪ್ಲಸ್ ಹೆಸರಿನ ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್ ಬೆಂಗಳೂರು–ಮೈಸೂರು ನಡುವೆ ಶುರುವಾಯಿತು. ಹೋಗಿ ಬರಲು ಮುನ್ನೂರು ಕಿಲೋಮೀಟರಿನ ಹತ್ತಿರ. ಇಂಥ ದಾರಿ ಬ್ಯಾಟರಿ ಬಸ್ಸಿಗೆ ಹೊಂದುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಗೇರ್ ಬದಲಿಸುವ ಎಳೆತವಿಲ್ಲ. ರಾತ್ರಿ ದೂರದ ದಾರಿಗೆ, ಮಳೆಗಾಲದಲ್ಲಿ ಕರೆಂಟ್ ಹೋಗುವ ಮಲೆನಾಡಿನ ಊರಿಗೆ ಇದೇ ಬಸ್ಸನ್ನು ಕಳಿಸುವ ಮೊದಲು ಡಿಪೋದಲ್ಲಿ ಚಾರ್ಜಿಂಗ್, ಟ್ರಾನ್ಸ್‌ಫಾರ್ಮರ್ ಎಲ್ಲ ಗಟ್ಟಿಯಾಗಿರಬೇಕು.

ಈ ಬಸ್ಸುಗಳು ಹೊಸ ಬಗೆಯ ಒಪ್ಪಂದದಲ್ಲಿ ಬರುತ್ತವೆ. ಬಸ್ಸು, ಚಾಲಕ, ನಿರ್ವಹಣೆ ಕಂಪನಿಯದು. ಕಂಡಕ್ಟರ್ ಮತ್ತು ಟಿಕೆಟ್ ಹಣ ನಿಗಮದ್ದು. ನಿಗಮ ಓಡಿದ ಕಿಲೋಮೀಟರಿಗೆ ಇಷ್ಟೆಂದು ಕೊಡುತ್ತದೆ. ಒಮ್ಮೆಗೇ ದೊಡ್ಡ ಬಂಡವಾಳ ಹಾಕಬೇಕಿಲ್ಲ ಎಂಬುದು ಇದರ ಲಾಭ. ನಮ್ಮ ಡಿಪೋಗಳ ಕೈಯಿಂದ ವಿದ್ಯೆ ಜಾರಿಹೋಗಬಹುದು ಎಂಬುದು ನನ್ನ ಆತಂಕ. ಒಪ್ಪಂದ ಮುಗಿಯುವ ದಿನ ಮೋಟರ್ ಬಿಚ್ಚಲು, ಬ್ಯಾಟರಿ ಪರೀಕ್ಷಿಸಲು ನಮ್ಮಲ್ಲಿ ಯಾರಿಗೂ ಬಾರದಿದ್ದರೆ ಅದು ದೊಡ್ಡ ನಷ್ಟ. ನಿಗಮದ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡಬೇಕು ಎಂಬ ಷರತ್ತು ಪ್ರತಿ ಒಪ್ಪಂದದಲ್ಲೂ ಇರಲಿ.

ಆರಿಸುವ ಮುನ್ನ

ಹೊಸ ಎಕ್ಸ್‌ಪ್ರೆಸ್ ಮಾದರಿ ನೋಡುತ್ತಿರುವ ನಿಗಮಗಳಿಗೆ ನನ್ನದು ನೇರವಾದ ಬೇಡಿಕೆ. ಒಂದು ಬಸ್ಸನ್ನು ತರಿಸಿ, ಹೆದ್ದಾರಿಯಲ್ಲಿ ಬೇಡ, ಅತಿ ಕೆಟ್ಟ ದಾರಿಯಲ್ಲಿ ಒಂದು ಪೂರ್ತಿ ಮಳೆಗಾಲ ಓಡಿಸಿ. ಕೆಎಂಪಿಎಲ್ ಬರೆದಿಡಿ, ಬ್ರೇಕ್‌ಡೌನ್ ಬರೆದಿಡಿ, ಪ್ರತಿ ನಿಲ್ದಾಣದಲ್ಲಿ ಹತ್ತಿ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆದಿಡಿ. ಆಯ್ಕೆಯ ಸಮಿತಿಯಲ್ಲಿ ಚಾಲಕರೊಬ್ಬರು, ಕಂಡಕ್ಟರೊಬ್ಬರು, ಡಿಪೋ ಮೆಕ್ಯಾನಿಕ್ ಒಬ್ಬರು ಕೂತಿರಲಿ. ಮಂಡಿ ನೋವಿನ ಹಿರಿಯರೂ ಅಂಗವಿಕಲರೂ ಆ ಬಸ್ಸನ್ನು ಹತ್ತಿ ನೋಡಿ ಹೇಳಲಿ. ಆ ವರದಿಯನ್ನು ಜನರ ಮುಂದಿಡಿ.

ಬಸ್ಸಿನ ಹಣ ನಮ್ಮೆಲ್ಲರ ತೆರಿಗೆಯದು, ಟಿಕೆಟಿನದು. ಹಾಗಾಗಿ ಪ್ರಯಾಣಿಕರೂ ಸುಮ್ಮನಿರಬಾರದು. ಹೊಸ ಬಸ್ಸು ನಿಮ್ಮ ಊರಿಗೆ ಬಂದಾಗ ಬಣ್ಣ ಚೆನ್ನಾಗಿದೆ ಎಂದು ಹೇಳಿ, ಸಂತೋಷ. ಜೊತೆಗೆ ಮೆಟ್ಟಿಲು ಎತ್ತರವಾಯಿತು, ತುರ್ತು ಬಾಗಿಲು ತೆರೆಯುತ್ತಿಲ್ಲ, ಹಿಂದಿನ ಸೀಟಿಗೆ ಗಾಳಿ ಬರುತ್ತಿಲ್ಲ ಎಂಬುದನ್ನೂ ಬರೆದು ತಿಳಿಸಿ. ಮುಂದಿನ ಟೆಂಡರಿನ ಷರತ್ತು ರೂಪುಗೊಳ್ಳಬೇಕಾದದ್ದು ಇಂಥ ಪತ್ರಗಳಿಂದಲೇ.